ಲೂರ್ದ್ ಬಾಯಿ ತೇರ್ಸಿನಲ್ಲಿ ಹೇಳಿದ ಹೆಸರು

ಲೂರ್ದ್ ಬಾಯಿಯ ಬಗ್ಗೆ ಬರೀರಿ ಅಂತ ನನ್ನನ್ನ ಯಾರೂ ಕೇಳಿಲ್ಲ. ಅವರಿಗೇ ಗೊತ್ತಾದ್ರೆ "ನಿನಗೆ ಬೇರೆ ಕೆಲಸ ಇಲ್ಲವಾ ಮಾರಾಯ್ತಿ" ಅಂತ ಬೈತಾರೆ. ಬೈಲಿ ಬಿಡಿ. ಹನ್ನೊಂದು ವರ್ಷ ಒಂದೇ ಬಿಲ್ಡಿಂಗಿನಲ್ಲಿ ಬೈಸಿಕೊಂಡಿದ್ದೀನಿ, ನಂಗೇನೂ ಹೊಸದಲ್ಲ.

ದುಬೈನ ಅಲ್ ಮುರಕ್ಕಬಾತಿನ ಆ ಹಳೇ ಬಿಲ್ಡಿಂಗಿನಲ್ಲಿ ಅವರು ಮೂರನೇ ಮಹಡಿ, ನಾವು ಒಂದನೇದು. ಶಿರ್ವದ ಹತ್ತಿರದ ಊರಿನವರು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಎಂಬತ್ತನಾಲ್ಕರಲ್ಲಿ ದುಬೈಗೆ ಬಂದು ದೇರಾದ ಒಂದು ಆಸ್ಪತ್ರೆಯ ಬಟ್ಟೆ ಕೋಣೆಗೆ ಸೇರಿದ್ರು. ಒಗೆದು ಬಂದ ಬೆಡ್‌ಶೀಟು, ದಿಂಬಿನ ಕವರು, ರೋಗಿಗಳ ಗೌನು ಎಲ್ಲ ಮಡಿಚಿ, ಎಣಿಸಿ, ವಾರ್ಡುಗಳಿಗೆ ಕಳಿಸೋ ಕೆಲಸ. ಆ ಅಭ್ಯಾಸ ಎಷ್ಟು ಮೈಗೆ ಹತ್ತಿತ್ತು ಅಂದ್ರೆ, ನಮ್ಮನೆಗೆ ಬಂದು ಅರ್ಧ ಗಂಟೆ ಮಾತಾಡಿ ಎದ್ದು ಹೋಗೋ ಹೊತ್ತಿಗೆ ಸೋಫಾ ಮೇಲೆ ಬಿದ್ದಿದ್ದ ನಮ್ಮ ಟವೆಲ್ಲುಗಳೆಲ್ಲ ಮಡಿಕೆಯಾಗಿ ಕೂತಿರ್ತಿದ್ವು. ಅವರ ಯಜಮಾನರು ಆನ್ಸೆಲ್ಮ್ ಒಂದು ಹೋಟೆಲಿನ ವ್ಯಾನ್ ಓಡಿಸ್ತಿದ್ರು. ಮಕ್ಕಳಿಲ್ಲ. ಆ ವಿಷಯ ಅವರೂ ಎತ್ತುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ನಾನು ಚೆಲುವಮ್ಮ, ಮಂಡ್ಯದ ಕಡೆಯವಳು. ನಮ್ಮನೆಯವರು ಚಾಮರಾಜ, ಹಡಗಿನ ಸರಕಿನ ಆಫೀಸಿನಲ್ಲಿ ಗುಮಾಸ್ತರು. ನಾನು ಅಮೆರಿಕದ ಪಾಠ ಹೇಳಿಕೊಡೋ ಒಂದು ಶಾಲೆಯ ಲೈಬ್ರರಿಯಲ್ಲಿ ಸಹಾಯಕಿ. ಪುಸ್ತಕಕ್ಕೆ ನಂಬರ್ ಅಂಟಿಸೋದು, ಹರಿದದ್ದಕ್ಕೆ ತೇಪೆ ಹಾಕೋದು, ಮೇಡಂ ಎಸೆಯಿರಿ ಅಂದದ್ದನ್ನ ಎಸೆಯೋದು. ಆ ಎಸೆಯೋ ಕೆಲಸಕ್ಕೆ ಮಾತ್ರ ನನ್ನ ಕೈ ಬರಲ್ಲ. ಹಾಗಾಗಿ ರಟ್ಟು ಕಿತ್ತುಹೋದ ಅಮೆರಿಕದ ಚರಿತ್ರೆಯ ಪುಸ್ತಕವೊಂದು ನನ್ನ ಬ್ಯಾಗಿನಲ್ಲಿ ಮನೆಗೆ ಬಂತು, ಮನೆಯಿಂದ ಲೂರ್ದ್ ಬಾಯಿಯ ಅಡಿಗೆಮನೆಗೆ ಹೋಯ್ತು.

ಶುಕ್ರವಾರ ಮಧ್ಯಾಹ್ನ ಅವರು ಬಂಗುಡೆ ಹೆಚ್ಚೋರು, ನಾನು ಎದುರಿಗೆ ಸ್ಟೂಲ್ ಹಾಕ್ಕೊಂಡು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳೋಳು. ಗುಲಾಮಗಿರಿಯ ಅಧ್ಯಾಯ ನಾಲ್ಕು ವಾರ ನಡೀತು. ನಾನು ಅಳುಬುರುಕಿ, ಅವರದು ಬರೀ ಪ್ರಶ್ನೆ. ಆಫ್ರಿಕಾದಿಂದ ಜನರನ್ನ ಹಡಗಿನ ತಳದಲ್ಲಿ ಸರಪಳಿ ಹಾಕಿ ಮಲಗಿಸಿ ತಂದರು ಅಂತ ಓದಿದ್ರೆ, "ಮುಟ್ಟಾದ ಹೆಂಗಸರು ಎಂಥ ಮಾಡ್ತಿದ್ರು?" ಅಂದ್ರು. ಪುಸ್ತಕದಲ್ಲಿ ಅದಿರಲಿಲ್ಲ. ಹರಾಜಿನಲ್ಲಿ ತಾಯಿಯನ್ನ ಒಬ್ಬ ಕೊಂಡ, ಮಗುವನ್ನ ಇನ್ನೊಬ್ಬ ಕೊಂಡ ಅಂದ್ರೆ, "ಆ ತಾಯಿಯ ಹೆಸರೇನು?" ಅಂದ್ರು. ಅದೂ ಇರಲಿಲ್ಲ. "ಇದೆಂಥ ಪುಸ್ತಕ ನಿಮ್ಮದು, ಬೇಕಾದ್ದು ಒಂದೂ ಇಲ್ಲ" ಅಂತ ಮೀನಿನ ತಲೆ ಪಕ್ಕಕ್ಕೆ ಹಾಕಿದ್ರು.

ಹ್ಯಾರಿಯೆಟ್ ಟಬ್ಮನ್ ಅನ್ನೋ ಹೆಣ್ಣುಮಗಳ ಪುಟ ಬಂದಾಗ ಮಾತ್ರ ಚಾಕು ನಿಂತಿತು. ಆಕೆ ತಾನು ತಪ್ಪಿಸಿಕೊಂಡ ಮೇಲೆ ಸುಮ್ಮನೆ ಕೂರಲಿಲ್ಲ. ಮತ್ತೆ ಮತ್ತೆ ವಾಪಸ್ ಹೋಗಿ, ಎಪ್ಪತ್ತರಷ್ಟು ಜನರನ್ನ ನಂಬಿಕಸ್ತರ ಮನೆಯಿಂದ ಮನೆಗೆ ದಾಟಿಸಿ ಬಿಡಿಸಿಕೊಂಡು ಬಂದಳು. ಶನಿವಾರ ಸಂಜೆ ಹೊರಡಿಸ್ತಿದ್ದಳಂತೆ. ಭಾನುವಾರ ರಜೆ, ಓಡಿಹೋದವರನ್ನ ಹಿಡಿದುಕೊಡಿ ಅನ್ನೋ ಜಾಹೀರಾತು ಸೋಮವಾರದ ತನಕ ಪೇಪರಿಗೆ ಬರಲ್ಲ.

"ನಮ್ಮಲ್ಲಿ ಗುರುವಾರ" ಅಂದ್ರು ಲೂರ್ದ್ ಬಾಯಿ.

ನಂಗೆ ಅರ್ಥವಾಗಲಿಲ್ಲ. ಮುಂದೆ ಓದಿದೆ. ಗುಲಾಮಗಿರಿ ಇಲ್ಲದ ರಾಜ್ಯಗಳಲ್ಲೂ ಓಡಿಬಂದವರಿಗೆ ಜಾಗ ಕೊಟ್ಟರೆ ದಂಡ, ಜೈಲು ಅಂತ ಕಾನೂನು ಬಂದದ್ದು, ಆಮೇಲೆ ಕೆನಡಾದ ತನಕ ಹೋಗಬೇಕಾದದ್ದು. ಇನ್ನೊಂದು ಕಡೆ, ಅಡಗಿಸೋದರ ಜೊತೆಗೆ ಗುಲಾಮಗಿರಿ ಬೇಡ ಅಂತ ಬಾಯಿಬಿಟ್ಟು ಹೇಳೋ ಜನ. ಹೆಂಗಸರು ಮನೆಮನೆಗೆ ಹೋಗಿ ಸಹಿ ಹಾಕಿಸಿ ಅರ್ಜಿ ಕಳಿಸಿದ್ರು. ಆ ಅರ್ಜಿಗಳನ್ನ ಓದದೇ ಪಕ್ಕಕ್ಕಿಡಬೇಕು ಅಂತ ಅಲ್ಲಿನ ಸಂಸತ್ತಿನಲ್ಲಿ ನಿಯಮ ಮಾಡಿದ್ರು. ಸಭೆ ಕರೆದರೆ ಕಲ್ಲು ಬೀಳ್ತಿತ್ತು. ಎಷ್ಟೋ ಚರ್ಚುಗಳು ಅವರಿಗೆ ಬಾಗಿಲು ಹಾಕಿದ್ವು.

"ಈ ಒಡೆಯರೂ ಇಗರ್ಜಿಗೆ ಹೋಗ್ತಿದ್ರಾ?"

"ಮುಂದಿನ ಬೆಂಚಿನಲ್ಲಿ ಕೂರ್ತಿದ್ರು ಬಾಯಿ. ಗುಲಾಮರು ಹಿಂದೆ, ಇಲ್ಲಾ ಮೇಲಿನ ಅಟ್ಟಣಿಗೆಯಲ್ಲಿ."

ಅವರು ಚಾಕು ಕೆಳಗಿಟ್ರು. ಕೈ ತೊಳೆದುಕೊಂಡು ಬಂದು ಡೊರೊತಿಯ ವಿಷಯ ಹೇಳಿದ್ದು ಆವತ್ತೇ.

ಡೊರೊತಿ ಬೆಳ್ಮಣ್ಣಿನ ಹುಡುಗಿ, ಇಪ್ಪತ್ತನಾಲ್ಕು ವರ್ಷ. ಮಿರ್ದಿಫ್‌ನ ಒಂದು ವಿಲ್ಲಾದಲ್ಲಿ ಸ್ವೀಡಲ್ ಮತ್ತು ವಿಕ್ಟರ್ ಅನ್ನೋರ ಮನೆಗೆಲಸಕ್ಕೆ ಬಂದವಳು. ಅವರೂ ಮಂಗಳೂರಿನವರೇ, ಲೂರ್ದ್ ಬಾಯಿಯ ಪ್ರಾರ್ಥನೆ ಗುಂಪಿನವರೇ. ಎರಡು ವರ್ಷಕ್ಕೆ ಅಂತ ಕರೆಸಿ ಮೂರು ವರ್ಷ ದಾಟಿತ್ತು. ಊರಿಗೆ ಕಳಿಸಿ ಅಂದ್ರೆ ಒಂದು ಸಲ ಕ್ರಿಸ್ಮಸ್ ಆಗಲಿ, ಇನ್ನೊಂದು ಸಲ ಮಕ್ಕಳ ಪರೀಕ್ಷೆ ಆಗಲಿ, ಮತ್ತೊಂದು ಸಲ ಈಸ್ಟರ್ ಆಗಲಿ. ಪಾಸ್‌ಪೋರ್ಟು ವಿಕ್ಟರ್ ಅವರ ಬೀರುವಿನಲ್ಲಿ. ಮನೆಯವರೆಲ್ಲ ಹೊರಗೆ ಹೊರಟರೆ ಬಾಗಿಲಿಗೆ ಹೊರಗಿನಿಂದ ಬೀಗ. ಆಗಸ್ಟಿನಲ್ಲಿ ಆ ಮನೆಯ ಚಿಕ್ಕ ಮಗ ಆಸ್ಪತ್ರೆ ಸೇರಿದಾಗ ನೋಡಿಕೊಳ್ಳೋಕೆ ಡೊರೊತಿಯನ್ನ ಬಿಟ್ಟಿದ್ರು. ಮೂರು ದಿನ ಬಿಡುವಾದಾಗೆಲ್ಲ ಬಟ್ಟೆ ಕೋಣೆಗೆ ಬಂದು ಲೂರ್ದ್ ಬಾಯಿಯ ಜೊತೆ ಬೆಡ್‌ಶೀಟಿನ ಆ ತುದಿ ಹಿಡಿದಳು, ಎಲ್ಲ ಹೇಳಿಕೊಂಡಳು.

ನಾನು ಲೈಬ್ರರಿಯವಳಲ್ಲವಾ, ದೊಡ್ಡ ಮಾತು ಆಡಿದೆ. "ಬಾಯಿ, ಅದನ್ನ ಇದಕ್ಕೆ ಹೋಲಿಸಬಾರದು. ಡೊರೊತಿಯನ್ನ ಯಾರೂ ಮಾರಲಿಲ್ಲ, ಚಾಟಿಯಲ್ಲಿ ಹೊಡೀಲಿಲ್ಲ."

"ಎರಡೂ ಒಂದೇ ಅಂತ ನಾನು ಎಲ್ಲಿ ಹೇಳಿದೆ? ಬೀಗ ಬೀಗವೇ ಅಂತ ಹೇಳಿದ್ದು" ಅಂದ್ರು.

ಅದು ತೊಂಬತ್ತೇಳನೇ ಇಸವಿ. ಅಕ್ಟೋಬರ್ ಅಂದ್ರೆ ಅವರಿಗೆ ತೇರ್ಸಿನ ತಿಂಗಳು. ತೇರ್ಸ್ ಅಂದ್ರೆ ಜಪಮಾಲೆಯ ಪ್ರಾರ್ಥನೆ. ಮೇರಿಮಾತೆಯ ಒಂದು ಮೊಳದ ಮೂರ್ತಿ ಆ ಗುಂಪಿನ ಮನೆಗಳಲ್ಲಿ ಒಂದೊಂದು ದಿನ ಇರುತ್ತೆ. ಸಂಜೆ ಎಲ್ಲರೂ ಆ ಮನೇಲಿ ಸೇರಿ ಜಪ ಮಾಡ್ತಾರೆ. ಮುಗಿದ ಮೇಲೆ ಆ ಮನೆಯವರೇ ಮೂರ್ತಿಯನ್ನ ಎತ್ತಿಕೊಂಡು ಹೋಗಿ ಮುಂದಿನ ಮನೆಗೆ ಮುಟ್ಟಿಸಬೇಕು. ಬೇರೆಯವರ ಕೈಲಿ ಕಳಿಸೋ ಹಾಗಿಲ್ಲ. ಆ ವರ್ಷದ ಪಟ್ಟಿಯಲ್ಲಿ ಗುರುವಾರ ಸ್ವೀಡಲ್ ಮನೆ, ಶುಕ್ರವಾರ ಲೂರ್ದ್ ಬಾಯಿ ಮನೆ. ಪಟ್ಟಿ ಬರೆಯೋದು ಲೂರ್ದ್ ಬಾಯಿಯೇ.

ಗುರುವಾರ ಮಧ್ಯಾಹ್ನ ಸರ್ಕಾರಿ ಆಫೀಸು ಮುಚ್ಚಿದರೆ ತೆಗೆಯೋದು ಶನಿವಾರ ಬೆಳಿಗ್ಗೆ. ಅಲ್ಲಿಯ ತನಕ 'ನಮ್ಮ ಕೆಲಸದವಳು ಓಡಿಹೋದಳು' ಅಂತ ಇಮಿಗ್ರೇಶನ್ನಿನಲ್ಲಿ ಯಾರೂ ಬರೆಸೋಕಾಗಲ್ಲ. ಒಮ್ಮೆ ಬರೆಸಿದರೆ ಮುಗೀತು. ಅವಳು ಸಿಕ್ಕಿಬಿದ್ದರೆ ಜೈಲು, ಜಾಗ ಕೊಟ್ಟವರಿಗೂ ಕಷ್ಟ. ಆ ಒಂದೂವರೆ ದಿನದಲ್ಲಿ ವಿಕ್ಟರ್ ಮನಸ್ಸು ಬದಲಾಯಿಸಬೇಕು, ಪಾಸ್‌ಪೋರ್ಟು ಬರಬೇಕು. ಹೇಗೆ ಅಂತ ಲೂರ್ದ್ ಬಾಯಿಗೂ ಗೊತ್ತಿರಲಿಲ್ಲ. "ಮೊದಲು ಹುಡುಗಿ ಹೊರಗೆ ಬರಲಿ" ಅಷ್ಟೇ ಅವರ ಲೆಕ್ಕ.

ಆ ಗುರುವಾರ ಸಂಜೆ ಮಿರ್ದಿಫ್‌ನಲ್ಲಿ ಏನಾಯ್ತು ಅನ್ನೋದನ್ನ ಅವರ ಬಾಯಿಂದಲೇ ಕೇಳಿದ್ದು. ಜಪ ಮುಗೀತು. ಸ್ವೀಡಲ್ ಮನೇಲಿ ಆಮೇಲೆ ಊಟಕ್ಕೆ ಗಂಡನ ಕಂಪನಿಯವರು ಬರೋರಿದ್ದರು, ಆಕೆಗೆ ಸೀರೆ ಮಡಿಕೆಯ ಚಿಂತೆ. ಲೂರ್ದ್ ಬಾಯಿ ಎಲ್ಲರಿಗೂ ಕೇಳೋ ಹಾಗೆ, "ನಮ್ಮ ಶಿರ್ವದಲ್ಲಿ ಮನೆಯ ಮದುವೆಯಾಗದ ಹುಡುಗಿಯೇ ಮಾತೆಯನ್ನು ಎತ್ತುವುದು. ಬಹಳ ಒಳ್ಳೆಯದಂತೆ" ಅಂದ್ರು. ಶಿರ್ವದಲ್ಲಿ ಅಂಥ ಪದ್ಧತಿ ಇಲ್ಲ, ಎಲ್ಲೂ ಇಲ್ಲ. ಸ್ವೀಡಲ್‌ಗೆ ಇಬ್ಬರೂ ಗಂಡುಮಕ್ಕಳು. "ಹಾಗಾದ್ರೆ ನಮ್ಮ ಡೊರೊತಿಯೇ ಹೋಗಲಿ. ಆನ್ಸೆಲ್ಮ್ ವ್ಯಾನಿನಲ್ಲೇ ವಾಪಸ್ ಬಿಡ್ಲಿ" ಅಂದಳು. ಹಾಗೆ ಡೊರೊತಿ ಮೇರಿಮಾತೆಯನ್ನ ತೊಡೆ ಮೇಲೆ ಕೂರಿಸಿಕೊಂಡು ಆ ಮನೆಯಿಂದ ಹೊರಟಳು.

ಎಂಟು ಗಂಟೆಗೆ ನಮ್ಮ ಬೆಲ್ಲು. ಬಾಗಿಲು ತೆಗೆದ್ರೆ ಲೂರ್ದ್ ಬಾಯಿ, ಹಿಂದೆ ಸಣಕಲು ಹುಡುಗಿ.

"ನನ್ನ ಮನೆಯನ್ನೇ ಮೊದಲು ಹುಡುಕುದು. ಇಲ್ಲಿ ಒಂದು ದಿನ ಇರಲಿ."

ಈಗ ಹೇಳೋಕೆ ನಾಚಿಕೆ. ನಾನು ಆಗಲ್ಲ ಅಂದೆ. ನಮ್ಮನೆಯವರ ವೀಸಾ ಅಂದೆ, ಮಗಳಿದ್ದಾಳೆ ಅಂದೆ, ಪೊಲೀಸು ಅಂದೆ. ನಾಲ್ಕು ವಾರ ಪುಸ್ತಕ ಹಿಡಕೊಂಡು ಮೂಗು ಸೀಟಿದವಳು ನಾನೇ. ಆ ಹುಡುಗಿ ನನ್ನ ಮಾತು ಕೇಳ್ತಾ ನೆಲ ನೋಡ್ತಿದ್ದಳು. ಲೂರ್ದ್ ಬಾಯಿ ಬೈಯಲಿಲ್ಲ, ಬೈದಿದ್ರೆ ಚೆನ್ನಾಗಿತ್ತು. ಟಿ.ವಿ. ಮುಂದೆ ಉದ್ದಕ್ಕೆ ಕಾಲು ಚಾಚಿದ್ದ ನಮ್ಮನೆಯವರು ಎದ್ದು ಕೂತು, ಸೋಫಾ ಮೇಲಿನ ದಿಂಬು ಸರಿಸಿ, "ಬಾಮ್ಮ, ಕೂತ್ಕೊ" ಅಂದ್ರು. ನಮ್ಮ ಹಿತಾ ಒಳಗಿನಿಂದ "ಅಮ್ಮಾ, ಹೂ ಈಸ್ ಶೀ?" ಅಂದಳು. "ಅಕ್ಕ ಕಣೇ" ಅಂದೆ. ಬೇರೆ ಏನೂ ಹೊಳೀಲಿಲ್ಲ.

ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಸ್ಟವ್ ಉಜ್ಜಿ, ನೆಲ ಒರೆಸಿ, ಕಾಫಿ ಇಟ್ಟಿದ್ದಳು. ಕಾಫಿ ಚೆನ್ನಾಗಿತ್ತು ಕಣ್ರೀ. ಕುಡಿದೆ. ಕುಡೀತಾ ಕುಡೀತಾ, ಇಸ್ತ್ರಿ ಬಟ್ಟೆಯ ಬುಟ್ಟಿಯನ್ನ ಅವಳ ಕಡೆ ತಳ್ಳಿದೆ. ಯೋಚನೆ ಮಾಡಿ ತಳ್ಳಿದ್ದಲ್ಲ, ಕೈ ತಾನಾಗಿ ತಳ್ತು. ಆಗಲೇ ಲೂರ್ದ್ ಬಾಯಿ ಬಂದು ನೋಡಿದ್ರು.

"ಒಂದು ರಾತ್ರಿ ಮಾರಾಯ್ತಿ! ಒಂದು ರಾತ್ರಿ ಸಾಕಾಯ್ತು ನಿನಗೆ!"

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯ್ತು. ಡೊರೊತಿ ಪಾಪ, "ನಾನೇ ಕೇಳಿದ್ದು ಬಾಯಿ" ಅಂತ ನನ್ನ ಪರವಾಗಿ ಸುಳ್ಳು ಹೇಳಿದಳು. ಆ ಬಟ್ಟೆಯೆಲ್ಲ ನಾನೇ ಇಸ್ತ್ರಿ ಮಾಡಿದೆ. ಅವಳನ್ನ ಹಿತಾ ಪಕ್ಕ ಕೂರಿಸಿ ಕಾರ್ಟೂನ್ ಹಾಕಿದೆ. ಬೆನ್ನು ಒರಗಿಸದೆ ಸೋಫಾದ ತುದಿಯಲ್ಲೇ ಕೂತಿದ್ದಳು.

ಹತ್ತೂವರೆಗೆ ಚರ್ಚಿನಿಂದ ನೇರ ಸ್ವೀಡಲ್ ಬಂದಳು. ಅವಳನ್ನ ರಾಕ್ಷಸಿ ಅಂದ್ಕೊಬೇಡಿ. ಸಣ್ಣ ದನಿ, ಚೆಂದದ ಮುಖ, ಕೆಂಪಾದ ಕಣ್ಣು. ಲೂರ್ದ್ ಬಾಯಿಯ ಮನೆ ನೋಡಿಕೊಂಡು ಮೆಟ್ಟಿಲು ಇಳಿದು ಬರ್ತಿದ್ದಳು, ಹಿಂದೆ ಬಾಯಿ. ನಾನು ನಮ್ಮ ಬಾಗಿಲು ಎಳೆದುಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದೆ. ಒಳಗೇ ಇರು ಅಂತ ಬಾಯಿ ನೂರು ಸಲ ಹೇಳಿದ್ರೂ ಕೇಳಿರಲಿಲ್ಲ.

"ರಾತ್ರಿ ಹನ್ನೊಂದು ಗಂಟೆಯವರೆಗೆ ಕಾದೆವು. ಅವಳಿಗೆ ಏನಾಗಿದೆಯೋ ಅಂತ ನನಗೆ ನಿದ್ರೆಯಿಲ್ಲ" ಅಂದಳು ಸ್ವೀಡಲ್. "ಮಗಳ ಹಾಗೆ ನೋಡಿಕೊಂಡೆವು. ನಾವು ತಿಂದದ್ದನ್ನೇ ಕೊಟ್ಟೆವು."

ನಂಗೆ ಮೈಯೆಲ್ಲ ಉರಿದುಹೋಯ್ತು. "ಮಗಳನ್ನ ಒಳಗಿಟ್ಟು ಹೊರಗಿಂದ ಬೀಗ ಹಾಕ್ತಾರೇನ್ರೀ?" ಅಂದುಬಿಟ್ಟೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬೀಗದ ವಿಷಯ ನನಗೆ ಹೇಗೆ ಗೊತ್ತು? ಸ್ವೀಡಲ್ ನನ್ನನ್ನ ನೋಡಿದಳು, ನನ್ನ ಹಿಂದಿನ ಬಾಗಿಲನ್ನ ನೋಡಿದಳು. ಕೂಗಾಡಲಿಲ್ಲ. "ನಾಳೆ ಬೆಳಿಗ್ಗೆ ಎಂಟಕ್ಕೆ ವಿಕ್ಟರ್ ಇಮಿಗ್ರೇಶನ್‌ಗೆ ಹೋಗ್ತಾರೆ. ಯಾರ ಮನೆಯಲ್ಲಿ ಇದ್ದಳು ಅಂತಲೂ ಬರೆಸ್ತಾರೆ. ಇವತ್ತು ಸಂಜೆಯೊಳಗೆ ಕಳಿಸಿದರೆ ಏನೂ ಆಗದ ಹಾಗೆ ಇದ್ದುಬಿಡುವ" ಅಂತ ಹೇಳಿ ಇಳಿದು ಹೋದಳು.

ನನ್ನ ಈ ಹಾಳು ನಾಲಿಗೆಯಿಂದ ಹುಡುಗಿಯೂ ಕೆಟ್ಟಳು, ನಾವೂ ಕೆಟ್ಟೆವು ಅಂತ ಮೆಟ್ಟಿಲ ಮೇಲೇ ಕೂತು ಅತ್ತೆ. ಲೂರ್ದ್ ಬಾಯಿ ಪಕ್ಕದಲ್ಲಿ ಕೂತು ನನ್ನ ಸೆರಗಿನ ತುದಿ ತಗೊಂಡು ಸುಮ್ಮನೆ ಮಡಿಚಿದ್ರು, ಬಿಚ್ಚಿದ್ರು.

"ಅಡಗಿಸುವುದು ಖಲಾಸ್. ಇನ್ನು ಬಾಯಿಬಿಟ್ಟು ಹೇಳುವವರ ದಾರಿ ಒಂದು ಉಂಟಲ್ಲ, ಅದನ್ನು ಹಿಡಿಯುವ" ಅಂದ್ರು.

"ಯಾರ ಮುಂದೆ ಹೇಳ್ತೀರಿ ಬಾಯಿ? ಯಾರು ಕೇಳ್ತಾರೆ?"

"ಸಂಜೆ ಇಪ್ಪತ್ತು ಜನ ಬರ್ತಾರೆ ನನ್ನ ಮನೆಗೆ."

ಏಳು ಗಂಟೆಗೆ ಜನ ಸೇರಿದ್ರು. ಸ್ವೀಡಲ್ ಬರಲೇಬೇಕಿತ್ತು, ಮೂರ್ತಿ ಕಳಿಸಿದ ಮನೆಯವರು ಮಾರನೇ ದಿನದ ಜಪಕ್ಕೆ ತಪ್ಪಿಸಿದರೆ ಮಾತೆಗೆ ಅವಮಾನ. ವಿಕ್ಟರ್ ಕೂಡ ಬಂದು ಗೋಡೆಗೆ ಒರಗಿ ನಿಂತಿದ್ರು. ನಾನು ಚಪ್ಪಲಿಗಳ ಹತ್ತಿರ, ಬಾಗಿಲ ಹೊರಗೆ. ಕೊಂಕಣಿ ನಂಗೆ ಅರ್ಧ ಬರುತ್ತೆ, ಉಳಿದರ್ಧ ಮುಖ ನೋಡಿ ತಿಳ್ಕೋತೀನಿ.

ತೇರ್ಸಿನಲ್ಲಿ ಹತ್ತು ಹತ್ತು ಮಣಿಯ ಐದು ಭಾಗ. ಪ್ರತಿ ಭಾಗಕ್ಕೂ ಮುಂಚೆ ಒಬ್ಬರು ಇದು ಯಾರಿಗಾಗಿ ಅಂತ ಗಟ್ಟಿಯಾಗಿ ಹೇಳಬೇಕು. ಆಮೇಲೆ ಒಂದೊಂದು ಮಣಿಗೂ ಅವರು 'ನಮಾನ್ ಮರಿಯೆ' ಅಂತ ಪ್ರಾರ್ಥನೆಯ ಮೊದಲರ್ಧ ಹೇಳಿದರೆ ಉಳಿದರ್ಧವನ್ನ ಎಲ್ಲರೂ ಸೇರಿ ಮುಗಿಸ್ತಾರೆ. ಮೊದಲನೆಯದು ಕಾಯಿಲೆಯವರಿಗೆ ಆಯ್ತು, ಎರಡನೆಯದು ಯಾರದೋ ಕೆಲಸಕ್ಕೆ, ಮೂರನೆಯದು ಸತ್ತವರಿಗೆ. ನಾಲ್ಕನೆಯದು ಆವತ್ತು ಜಪ ನಡೆಯೋ ಮನೆಯವರ ಪಾಲು.

ಲೂರ್ದ್ ಬಾಯಿ ಮಂಡಿಯೂರಿದ್ದವರು ದನಿ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. "ಈ ಹತ್ತು ಮಣಿ ಬೆಳ್ಮಣ್ಣಿನ ಡೊರೊತಿಗೆ. ಎರಡು ವರ್ಷಕ್ಕೆ ಅಂತ ಬಂದು ಮೂರು ವರ್ಷ ಮೂರು ತಿಂಗಳಾಯಿತು. ಅವಳ ಪಾಸ್‌ಪೋರ್ಟು ಅವಳ ಕೈಗೆ ಬರಲಿ. ಹೊರಗಿನಿಂದ ಹಾಕಿದ ಬೀಗ ತೆಗೆಯಲಿ. ಮತ್ತು ನನಗೂ. ಮಾತೆಯ ಹೆಸರಿನಲ್ಲಿ ಇಲ್ಲದ ಪದ್ಧತಿ ಹೇಳಿ ಅವಳನ್ನು ಹೊರಗೆ ತಂದದ್ದು ನಾನು. ನನಗೂ ಕ್ಷಮೆ ಸಿಗಲಿ. ನಮಾನ್ ಮರಿಯೆ..."

ಮೊದಲರ್ಧ ಮುಗೀತು. ಉಳಿದರ್ಧ ಯಾರೂ ಹೇಳಲಿಲ್ಲ.

ಇಪ್ಪತ್ತು ಜನ ತಲೆ ಬಗ್ಗಿಸಿಕೊಂಡು ತಮ್ಮ ತಮ್ಮ ಮಣಿ ನೋಡ್ತಾ ಕೂತ್ರು. ಅವರಲ್ಲಿ ಎಷ್ಟು ಮನೇಲಿ ಎಷ್ಟು ಪಾಸ್‌ಪೋರ್ಟು ಬೀರುವಿನಲ್ಲಿತ್ತೋ, ನಂಗೇನು ಗೊತ್ತು. ಆ ಪ್ರಾರ್ಥನೆ ನಂಗೆ ಬರದೇ ಹೋಯ್ತಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಗ ನನ್ನ ಬೆನ್ನ ಹಿಂದಿನಿಂದ ಒಂದು ದನಿ ಉಳಿದರ್ಧ ಹೇಳ್ತು. ಡೊರೊತಿ. ಕೆಳಗೇ ಇರು ಅಂದಿದ್ದೆವು, ಇರಲಿಲ್ಲ. ಹಿತಾಳ ಹಳೇ ಸ್ಲಿಪ್ಪರ್ ಹಾಕ್ಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು. ದನಿ ನಡುಗಲಿಲ್ಲ. ಮೂರು ವರ್ಷ ಈ ಹೆಂಗಸರು ಆ ವಿಲ್ಲಾಗೆ ಜಪಕ್ಕೆ ಹೋಗಿದ್ರು, ಅವಳು ಆಗೆಲ್ಲ ಅಡಿಗೆಮನೇಲಿ ಸಮೋಸ ಕರೀತಿದ್ದಳು. ಅವಳ ದನಿಯನ್ನ ಅವರು ಕೇಳಿದ್ದು ಅದೇ ಮೊದಲು.

ಬಾಯಿ ಎರಡನೇ ಮಣಿ ಹಿಡಿದ್ರು. ಈ ಸಲ ಡೊರೊತಿಯ ಜೊತೆ ಆನ್ಸೆಲ್ಮ್ ಸೇರಿದ್ರು. ಮೂರನೇದಕ್ಕೆ ಮುಂದೆ ಕೂತಿದ್ದ ಮುದುಕಿಯೊಬ್ಬರು. ಐದನೇದಕ್ಕೆ ಅರ್ಧ ಕೋಣೆ. ಹತ್ತನೇ ಮಣಿಗೆ ಕೋಣೆ ತುಂಬ ದನಿ, ಇಬ್ಬರದನ್ನ ಬಿಟ್ಟು.

ಐದನೆಯ ಭಾಗ, ಪದ್ಧತಿ ಪ್ರಕಾರ, ಮೂರ್ತಿಯನ್ನ ಕಳಿಸಿದ ಮನೆಯವರದು.

ಎಲ್ಲರೂ ಕಾದ್ರು. ಸ್ವೀಡಲ್ ಗಂಡನನ್ನ ನೋಡಿದಳು, ಆತ ಗೋಡೆ ನೋಡ್ತಿದ್ರು. ಎದ್ದು ಹೋಗ್ತಾಳೆ ಅಂದ್ಕೊಂಡೆ. ಮಾತೆಯ ಮುಂದೆ ಎದ್ದು ಹೋಗೋ ಧೈರ್ಯ ಅವಳಿಗಿರಲಿಲ್ಲ, ಸುಳ್ಳು ಹೇಳೋ ಧೈರ್ಯವೂ ಇರಲಿಲ್ಲ. ಕೊನೆಗೆ ಜಪಮಾಲೆಯ ಮಣಿ ಹಿಡಿದು, "ಡೊರೊತಿಯ ಪ್ರಯಾಣಕ್ಕೆ" ಅಂದಳು.

ಇಪ್ಪತ್ತು ಜನರ ಮುಂದೆ ಜಪದಲ್ಲಿ ಹೇಳಿದ ಮೇಲೆ ಶನಿವಾರ ವಿಕ್ಟರ್ ಏನು ಬರೆಸೋದು? ಇಮಿಗ್ರೇಶನ್‌ಗೆ ಹೋದದ್ದು ನಿಜ, ವೀಸಾ ಕ್ಯಾನ್ಸಲ್ ಮಾಡಿಸೋಕೆ. ಮುಂದಿನ ವಾರ ಮುಂಬೈ ವಿಮಾನ, ಅಲ್ಲಿಂದ ಬಸ್ಸು. ಲೂರ್ದ್ ಬಾಯಿಗೆ ಮಾತ್ರ ಇದು ಸುಲಭಕ್ಕೆ ಮುಗೀಲಿಲ್ಲ. ಮಾರನೇ ವರ್ಷ ಪಟ್ಟಿ ಬರೆಯೋ ಕೆಲಸ ಬೇರೆಯವರಿಗೆ ಹೋಯ್ತು, ಅದರಲ್ಲಿ ಅವರ ಮನೆಯ ಹೆಸರಿರಲಿಲ್ಲ. ಆಮೇಲೂ ಬರಲಿಲ್ಲ. ಅಕ್ಟೋಬರ್ ಬಂದ್ರೆ ಗಂಡ ಹೆಂಡತಿ ಇಬ್ಬರೇ ಕ್ಯಾಲೆಂಡರಿನ ಚಿತ್ರದ ಮುಂದೆ ಜಪ ಮಾಡೋರು. ಬೇಜಾರಾ ಬಾಯಿ ಅಂತ ಕೇಳಿದೆ. "ಬೇಜಾರು ಆಗದೆ ಇರ್ತದಾ" ಅಂದ್ರು. ಎರಡು ಸಾವಿರದ ಎಂಟರಲ್ಲಿ ಅವರು ಊರಿಗೆ ವಾಪಸಾಗೋ ತನಕ ಆ ಬಟ್ಟೆ ಕೋಣೆಗೆ ಇನ್ನೂ ಎಷ್ಟು ಹುಡುಗಿಯರು ಬಂದು ಬೆಡ್‌ಶೀಟಿನ ತುದಿ ಹಿಡಿದ್ರು ಅನ್ನೋದನ್ನ ನಾನು ಬರೆಯಲ್ಲ. ಬರೀಬೇಡ ಅಂದಿದ್ದಾರೆ.

ಆ ಶನಿವಾರದ ಒಂದು ಸಂಗತಿ ಹೇಳಿ ಮುಗಿಸ್ತೀನಿ. ಮಧ್ಯಾಹ್ನ ವಿಕ್ಟರ್ ನಮ್ಮನೆ ಬಾಗಿಲಿಗೆ ಬಂದ್ರು. ಒಳಗೆ ಕರೆದರೆ ಬರಲಿಲ್ಲ. ಪಾಸ್‌ಪೋರ್ಟನ್ನ ಲೂರ್ದ್ ಬಾಯಿಯ ಕಡೆ ಚಾಚಿದ್ರು. ಬಾಯಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ್ರು.

"ಅದು ಅವಳದ್ದು. ಅವಳ ಕೈಗೆ ಕೊಡಿ."

ಡೊರೊತಿ ಒದ್ದೆ ಕೈ ಚೂಡಿದಾರಕ್ಕೆ ಒರೆಸಿಕೊಂಡು ತಗೊಂಡಳು. ದುಬೈಗೆ ಇಳಿದ ದಿನ ಏರ್‌ಪೋರ್ಟಿನಲ್ಲಿ ಕೊಟ್ಟಿದ್ದು, ಆಮೇಲೆ ನೋಡಿಯೇ ಇರಲಿಲ್ಲ. ವಿಕ್ಟರ್ ಹೋದ್ರು. ಅವಳು ಮೊದಲ ಪುಟ ತೆಗೆದು 'ಫೋಟೋ' ಅಂದಳು. ನಾನೂ ಇಣುಕಿ ನೋಡಿದೆ. ದುಂಡು ಕೆನ್ನೆಯ, ಎಣ್ಣೆ ಹಾಕಿ ಬಾಚಿದ, ನಗು ತಡೆದುಕೊಂಡ ಒಂದು ಹುಡುಗಿ.

"ಬಾಯಿ, ಏರ್‌ಪೋರ್ಟಿನಲ್ಲಿ ಇದು ನಾನೇ ಅಂತ ನಂಬ್ತಾರಾ?" ಅಂತ ಕೇಳಿದಳು.

ಅಷ್ಟು ದಿನ ಕಣ್ಣಲ್ಲಿ ಒಂದು ಹನಿ ಹಾಕದ ಲೂರ್ದ್ ಬಾಯಿ ನಮ್ಮನೆ ಹೊಸಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು.